ಸೋರಿಹೋಗುವ ಮಂದ್ರ

(ಬಾನುಲಿ ಭಾಷಣ)

ಸಂಗೀತವನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡುವ ಅಭ್ಯಾಸ ಜಗತ್ತಿನಲ್ಲಿ ಬೇರೂರಿ ನಾಲ್ಕು ದಶಕಗಳಿಗೆ ಮೇಲಾಯಿತು. ಬಸ್ಸಿನಲ್ಲಿ ಕುಳಿತವರು, ಬೆಳಗಿನ ವಾಯುಸಂಚಾರಕ್ಕೆ ಹೊರಟವರು, ಮನೆಮಂದಿಯ ನಿದ್ದೆಗೆ ಭಂಗ ಬಾರದಂತೆ ರಾತ್ರಿಯ ಹೊತ್ತು ಒಂದು ಮೂಲೆಯಲ್ಲಿ ಕುಳಿತು ಹಾಡು ಕೇಳುವವರು, ಎಲ್ಲರ ಕಿವಿಯಲ್ಲಿಯೂ ಇಂದು ಪುಟ್ಟದೊಂದು ಹೆಡ್‌ಫೋನ್ ನೆಲೆಸಿದೆ. ಇವರಲ್ಲಿ ಸಂಗೀತದ ರುಚಿ ಬಲ್ಲವರನ್ನು ವಿಚಾರಿಸಿದರೆ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಗಾಯಕನ ಕಂಠ ಕೇಳುತ್ತದೆ, ಪಿಟೀಲು ಕೇಳುತ್ತದೆ, ಮೃದಂಗದ ಬಲ ಮುಚ್ಚಿಗೆಯ ಚಾಪು ಸ್ಫುಟವಾಗಿ ಕೇಳುತ್ತದೆ. ಎಡ ಮುಚ್ಚಿಗೆಯ ಗುಮ್ಕಿ ಮಾತ್ರ ಕೇಳದು. ತಂಬೂರಿಯ ಮಂದ್ರದ ತಂತಿ ಇದ್ದೂ ಇಲ್ಲದಂತೆ. ಕಚೇರಿ ನಡೆಯುತ್ತಿದೆ, ಆದರೆ ಅದಕ್ಕೆ ನೆಲವಿಲ್ಲ ಎಂಬ ಭಾವನೆ.

ಮಂದ್ರ ಹೀಗೆ ಕೃಶವಾದಾಗ ನಾವು ಸಾಮಾನ್ಯವಾಗಿ ಮಾಡುವ ಮೊದಲನೆಯ ಕೆಲಸ ಧ್ವನಿಯ ಗುಂಡಿಯನ್ನು ಇನ್ನಷ್ಟು ತಿರುಗಿಸುವುದು. ಎರಡನೆಯದು ಯಂತ್ರವನ್ನು ಹಳಿಯುವುದು. ಮೂರನೆಯದು, ಅನುಕೂಲವುಳ್ಳವರಾದರೆ, ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳುವುದು. ಈ ಮೂರಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಬಹುಪಾಲು ಸಂದರ್ಭಗಳಲ್ಲಿ ಮಂದ್ರವು ಯಂತ್ರದಲ್ಲಿ ಕಾಣೆಯಾಗಿರುವುದಿಲ್ಲ. ಅದು ಸರಿಯಾಗಿಯೇ ಹುಟ್ಟಿ, ಕಿವಿಯ ಬಾಗಿಲಿನವರೆಗೂ ಬಂದು, ಅಲ್ಲಿ ಒಂದು ಸಂದಿನಿಂದ ಸೋರಿಹೋಗಿರುತ್ತದೆ. ಆ ಸಂದನ್ನು ಮುಚ್ಚುವುದು ಹೇಗೆ, ಮುಚ್ಚಿದ ಮೇಲೂ ಉಳಿಯುವ ಕೊರತೆಗೆ ಕಾರಣವೇನು, ಅದನ್ನು ತುಂಬಲು ಹೊರಡುವವರು ಎಲ್ಲಿ ನಿಲ್ಲಬೇಕು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಜಪಾನಿನ ಸೋನಿ ಸಂಸ್ಥೆ ತನ್ನ ಮೊದಲ ವಾಕ್‌ಮನ್ ಯಂತ್ರವನ್ನು ಮಾರಾಟಕ್ಕೆ ತಂದದ್ದು 1979ರ ಜುಲೈ 1ರಂದು. ಅದರಲ್ಲಿ ಧ್ವನಿಮುದ್ರಣ ಮಾಡುವ ಅನುಕೂಲವಿರಲಿಲ್ಲ, ಸ್ಪೀಕರೂ ಇರಲಿಲ್ಲ. ಕ್ಯಾಸೆಟ್ಟನ್ನು ಹಾಕಿ, ಹಗುರವಾದ ಹೆಡ್‌ಫೋನನ್ನು ತಲೆಗೆ ಏರಿಸಿ ಕೇಳುವುದಷ್ಟೇ ಅದರ ಕೆಲಸ. ಜೊತೆಯಲ್ಲಿರುವವರೂ ಕೇಳಲೆಂದು ಎರಡು ಹೆಡ್‌ಫೋನುಗಳನ್ನು ಸಿಕ್ಕಿಸಲು ಎರಡು ತೂತುಗಳನ್ನು ಇಟ್ಟಿದ್ದರು. 2001ರ ಅಕ್ಟೋಬರಿನಲ್ಲಿ ಅಮೆರಿಕದ ಆಪಲ್ ಸಂಸ್ಥೆ ಐಪಾಡನ್ನು ಹೊರತಂದ ಮೇಲೆ ಕ್ಯಾಸೆಟ್ಟಿನ ಜಾಗಕ್ಕೆ ಅಂಕಿಗಳ ರೂಪದ ಸಂಗೀತ ಬಂದಿತು. 2022ರಲ್ಲಿ ಆ ಐಪಾಡಿನ ಸಂತತಿಯೂ ಮುಗಿಯಿತು. ಈಗ ಬಹುಮಂದಿಯ ಪಾಲಿಗೆ ಮೊಬೈಲ್ ಫೋನೇ ಸಂಗೀತದ ಪೆಟ್ಟಿಗೆ. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಒಂದು: ಪುಟ್ಟದೊಂದು ಪೊರೆ ಕಂಪಿಸಬೇಕು, ಆ ಕಂಪನ ಕಿವಿಯ ತಮಟೆಯನ್ನು ಮುಟ್ಟಬೇಕು. ಮಂದ್ರದ ಸಮಸ್ಯೆ ಇರುವುದು ಈ ಎರಡರ ನಡುವೆ.

ಮೊದಲು ಮಂದ್ರವೆಂದರೇನು ಎಂಬುದನ್ನು ನೋಡೋಣ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಸಲ ನಡೆಯುವ ಕಂಪನಗಳನ್ನು ನಾದವೆಂದು ಗ್ರಹಿಸುತ್ತದೆ. ಸೆಕೆಂಡಿಗೆ ಒಂದು ಕಂಪನಕ್ಕೆ ಒಂದು ಹರ್ಟ್ಸ್ ಎಂದು ಹೆಸರು. ಇದರಲ್ಲಿ ಸುಮಾರು 250 ಹರ್ಟ್ಸಿನ ಕೆಳಗಿರುವ ಭಾಗವನ್ನು ಬೇಸ್ ಎಂದು ಕರೆಯುವುದು ರೂಢಿ. ಅದನ್ನೇ ನಾನು ಇಲ್ಲಿ ಮಂದ್ರವೆನ್ನುತ್ತಿದ್ದೇನೆ. ಗಾಯಕನೊಬ್ಬನ ಮಧ್ಯಷಡ್ಜ 138 ಹರ್ಟ್ಸಿನ ಹತ್ತಿರವಿದ್ದರೆ ಅವನ ತಂಬೂರಿಯ ಮಂದ್ರದ ತಂತಿ 69 ಹರ್ಟ್ಸಿನ ಹತ್ತಿರ ಮಿಡಿಯುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವುದರಿಂದ, 5,000 ಹರ್ಟ್ಸಿನ ತಾರ ಧ್ವನಿಯ ಅಲೆ 7 ಸೆಂಟಿಮೀಟರಿಗಿಂತ ಉದ್ದವಿಲ್ಲ. 50 ಹರ್ಟ್ಸಿನ ಮಂದ್ರದ ಅಲೆಯಾದರೋ ಸುಮಾರು 7 ಮೀಟರ್, ಎಂದರೆ ಒಂದು ದೊಡ್ಡ ಕೋಣೆಯ ಉದ್ದ. ಇಂಥ ಅಲೆಯನ್ನು ಬಯಲಿನಲ್ಲಿ ಎಬ್ಬಿಸಲು ಬಹಳ ಗಾಳಿಯನ್ನು ತಳ್ಳಬೇಕಾಗುತ್ತದೆ. ಸಭಾಂಗಣಗಳಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸುವುದು ಇದಕ್ಕಾಗಿಯೇ.

ಹಾಗಾದರೆ ಒಂದು ಸೆಂಟಿಮೀಟರ್ ಅಗಲದ ಪೊರೆ ಮಂದ್ರವನ್ನು ಹೇಗೆ ತಾನೇ ಕೊಟ್ಟೀತು? ಇದು ನ್ಯಾಯವಾದ ಪ್ರಶ್ನೆ. ಉತ್ತರವಿಷ್ಟೆ: ಆ ಪೊರೆ ಬಯಲಿನ ಗಾಳಿಯನ್ನು ಅಲುಗಿಸಬೇಕಾಗಿಲ್ಲ. ಕಿವಿಯ ಹಾದಿಯಲ್ಲಿ ಸೆರೆಯಾದ ಗಾಳಿ ಒಂದೆರಡು ಘನ ಸೆಂಟಿಮೀಟರಿನಷ್ಟು ಮಾತ್ರ. ಅತ್ತ ಹೆಡ್‌ಫೋನಿನ ಪೊರೆ, ಇತ್ತ ಕಿವಿಯ ತಮಟೆ, ನಡುವೆ ಈ ಹಿಡಿಗಾಳಿ. ಪೊರೆ ತುಸು ಮುಂದಕ್ಕೆ ಬಂದರೆ ಗಾಳಿ ಅದುಮಿಕೊಂಡು ಒತ್ತಡ ಏರುತ್ತದೆ, ಹಿಂದಕ್ಕೆ ಸರಿದರೆ ಇಳಿಯುತ್ತದೆ. ಮುಚ್ಚಿದ ಈ ಪುಟ್ಟ ಕೋಣೆಯಲ್ಲಿ ಪೊರೆಯ ಅತ್ಯಲ್ಪ ಚಲನೆಯೂ ತಮಟೆಗೆ ಪೂರ್ತಿಯಾಗಿ ಸಲ್ಲುತ್ತದೆ. ಕೆಲವು ಸೆಂಟಿಮೀಟರ್ ಅಗಲದ ಯಂತ್ರ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯ ಕೆಲಸವನ್ನು ಮಾಡುವುದು ಹೀಗೆ.

ಆದರೆ ಈ ಏರ್ಪಾಡೆಲ್ಲ ಕೋಣೆ ಮುಚ್ಚಿರುವವರೆಗೆ. ಸಂದು ಬಿಟ್ಟರೆ ಏನಾಗುತ್ತದೆಂಬುದನ್ನು ತಿಳಿಯಲು ಸೈಕಲ್ ಪಂಪೊಂದು ಸಾಕು. ಅದರ ತುದಿಯನ್ನು ಹೆಬ್ಬೆರಳಿನಿಂದ ಅರ್ಧಂಬರ್ಧ ಮುಚ್ಚಿ ಹಿಡಿಯನ್ನು ಮೆಲ್ಲಗೆ ಒತ್ತಿ. ಗಾಳಿ ಬೆರಳ ಸಂದಿನಿಂದ ನಿರಾಯಾಸವಾಗಿ ಹೊರಟುಹೋಗುತ್ತದೆ, ಒಳಗೆ ಒತ್ತಡವೇ ಏರದು. ಈಗ ರಭಸದಿಂದ ಒತ್ತಿ. ಹೊರಹೋಗಲು ಗಾಳಿಗೆ ಹೊತ್ತು ಸಾಲದೆ ಒತ್ತಡ ಹೆಬ್ಬೆರಳಿಗೆ ತಟ್ಟುತ್ತದೆ. ಸಂದು ಅದೇ, ಪಂಪೂ ಅದೇ. ನಿಧಾನದ ಒತ್ತು ಸೋರಿಹೋಯಿತು, ಅವಸರದ ಒತ್ತು ಉಳಿಯಿತು. ಕಿವಿಯಲ್ಲಿ ನಡೆಯುವುದೂ ಇದೇ. ತಾರದ ಕಂಪನಗಳು ಅವಸರದವು. ಮಂದ್ರದ ಕಂಪನಗಳು ನಿಧಾನದವು. ಕಿವಿಗೂ ಹೆಡ್‌ಫೋನಿಗೂ ನಡುವೆ ಕೂದಲೆಳೆಯಷ್ಟು ಎಡೆಯಿದ್ದರೂ ತಾರಕ್ಕೆ ಹೆಚ್ಚಿನ ನಷ್ಟವಿಲ್ಲ, ಮಂದ್ರ ಮಾತ್ರ ಹರಿದುಹೋಗುತ್ತದೆ. ಆದಕಾರಣವೇ ಸರಿಯಾಗಿ ಕೂಡದ ಹೆಡ್‌ಫೋನ್ ಒಟ್ಟಿನಲ್ಲಿ ಮೆತ್ತಗಾಗಿ ಕೇಳಿಸುವುದಿಲ್ಲ, ತೆಳ್ಳಗಾಗಿ ಕೇಳಿಸುತ್ತದೆ.

ನಿಮ್ಮ ದೂರಿಗೆ ಈ ಸೋರಿಕೆಯೇ ಕಾರಣವೋ ಅಲ್ಲವೋ ಎಂಬುದನ್ನು ಅರೆನಿಮಿಷದಲ್ಲಿ ಪರೀಕ್ಷಿಸಬಹುದು. ಸಂಗೀತ ನಡೆಯುತ್ತಿರುವಾಗ ಎರಡೂ ಕಿವಿಗಳ ಹೆಡ್‌ಫೋನನ್ನು ಬೆರಳುಗಳಿಂದ ಹಗುರವಾಗಿ ಒಳಕ್ಕೆ ಒತ್ತಿ ಹಿಡಿಯಿರಿ. ಮೃದಂಗದ ಎಡಗೈ ತಟ್ಟನೆ ಎಚ್ಚೆತ್ತುಕೊಂಡರೆ ಯಂತ್ರ ನಿರ್ದೋಷಿ. ತಪ್ಪಿರುವುದು ಹೆಡ್‌ಫೋನ್ ಕುಳಿತ ರೀತಿಯಲ್ಲಿ. ಒತ್ತಿದರೂ ಏನೂ ವ್ಯತ್ಯಾಸವಾಗದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಸೋರಿಕೆಯೇ ಕಾರಣವೆಂದು ತೇಲಿದರೆ ಉಪಾಯಗಳು ಸರಳವಾದವು. ಕಿವಿಯ ಹಾದಿಯೊಳಕ್ಕೆ ತೂರಿಸುವ ಜಾತಿಯ ಇಯರ್‌ಫೋನ್‌ಗಳೊಡನೆ ಸಣ್ಣದು, ನಡುತರದ್ದು, ದೊಡ್ಡದು ಎಂದು ಮೂರು ಅಳತೆಯ ರಬ್ಬರಿನಂಥ ಟೋಪಿಗಳನ್ನು ಕೊಡುವುದುಂಟು. ಬಹುಮಂದಿ ಯಂತ್ರಕ್ಕೆ ಮೊದಲೇ ಸಿಕ್ಕಿಸಿ ಬಂದ ಜೊತೆಯನ್ನೇ ಉಪಯೋಗಿಸಿ, ಉಳಿದವನ್ನು ಡಬ್ಬಿಯೊಡನೆ ಎಸೆದುಬಿಡುತ್ತಾರೆ. ಒಂದೊಂದನ್ನೂ ಹಾಕಿ ನೋಡಬೇಕು. ಒಬ್ಬನದೇ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವೂ ಇಲ್ಲ; ಬಲಕ್ಕೊಂದು, ಎಡಕ್ಕೊಂದು ಅಳತೆ ಹಾಕಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ತುಸು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ಒಳಹಾದಿ ನೆಟ್ಟಗಾಗಿ ಟೋಪಿ ಸರಿಯಾಗಿ ಕೂಡುತ್ತದೆ. ಸ್ಪಂಜಿನಂಥ ಫೋಮಿನಿಂದ ಮಾಡಿದ ಟೋಪಿಗಳೂ ಸಿಗುತ್ತವೆ. ಅವನ್ನು ಬೆರಳುಗಳ ನಡುವೆ ಹೊಸೆದು ಸಣ್ಣಗೆ ಮಾಡಿ, ಒಳಗಿಟ್ಟು, ಅರ್ಧ ನಿಮಿಷ ಹಿಡಿದುಕೊಂಡರೆ ಹಿಗ್ಗಿ ಕಿವಿಯ ಆಕಾರವನ್ನೇ ತಳೆಯುತ್ತವೆ. ಕಿವಿಯ ಹೊರಬಟ್ಟಲಿನಲ್ಲಿ ಸುಮ್ಮನೆ ಕೂರುವ ಗುಂಡನೆಯ ಜಾತಿಗೆ ಕಪ್ಪು ಸ್ಪಂಜಿನ ಗವಸು ಹಾಕಿದರೆ ಸಂದು ಕೊಂಚಮಟ್ಟಿಗೆ ತುಂಬುತ್ತದೆ. ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಹೆಡ್‌ಫೋನುಗಳಲ್ಲಿ ಶತ್ರುಗಳು ಬೇರೆ: ಕನ್ನಡಕದ ಕಡ್ಡಿ, ಕಿವಿಯ ಓಲೆ, ಮೆತ್ತೆಯ ಅಡಿಗೆ ಸಿಕ್ಕಿಕೊಂಡ ಕೂದಲು, ಬಿರಿದು ಸಿಪ್ಪೆಯೆದ್ದ ಹಳೆಯ ಮೆತ್ತೆ. ಮೆತ್ತೆಗಳನ್ನು ಮಾತ್ರ ಬದಲಾಯಿಸಿದರೆ ಹಳೆಯ ಹೆಡ್‌ಫೋನಿಗೆ ಮರಳಿ ಯೌವನ ಬಂದಂತಾಗುವುದುಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕೆಲವು ಹೆಡ್‌ಫೋನುಗಳನ್ನು ಬೇಕೆಂದೇ ಬೆನ್ನು ತೆರೆದಂತೆ ಮಾಡಿರುತ್ತಾರೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಹಳದಿ ಸ್ಪಂಜಿನ ಎಚ್.ಡಿ. 414 ಎಂಬ ಮಾದರಿಯೊಂದಿಗೆ ಈ ಸಂಪ್ರದಾಯವನ್ನು ಆರಂಭಿಸಿತು. ಸಂಗೀತ ತಲೆಯೊಳಗೆ ಬಂಧಿತವಾದಂತೆ ತೋರದೆ ಹೊರಗಿನಿಂದ ಹಾಯಾಗಿ ಬಂದಂತೆ ಕೇಳುವುದು ಇವುಗಳ ಗುಣ. ಅತಿ ತಗ್ಗಿನ ಸ್ವರಗಳಲ್ಲಿ ಬಡವಾಗಿರುವುದು ಇವುಗಳಲ್ಲಿ ಅನೇಕದರ ಲಕ್ಷಣ. ನಿಶ್ಶಬ್ದವಾದ ಕೋಣೆಯಲ್ಲಿ ವೀಣೆಯನ್ನೋ ಕೊಳಲನ್ನೋ ಕೇಳುವವರಿಗೆ ಇವು ಹಿತ. ಬಸ್ಸಿನಲ್ಲಿ ಕುಳಿತು ಇವುಗಳಿಂದ ಮಂದ್ರವನ್ನು ನಿರೀಕ್ಷಿಸುವುದು ವ್ಯರ್ಥ.

ಬಸ್ಸಿನ ಮಾತು ಬಂದಿತಾದ್ದರಿಂದ ಹೇಳಬೇಕು: ಪ್ರಯಾಣದಲ್ಲಿ ಮಂದ್ರ ಮಾಯವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಂಜಿನ್ನಿನ ಗುಡುಗು, ಚಕ್ರಗಳ ಮೊರೆತ ಇವೆಲ್ಲ ಮುಖ್ಯವಾಗಿ ತಗ್ಗಿನ ಸ್ವರಗಳೇ. ಒಂದು ಗದ್ದಲ ತನ್ನ ನೆರೆಯ ಸ್ವರಗಳನ್ನೇ ಮೊದಲು ನುಂಗುತ್ತದೆ. ಆದ್ದರಿಂದ ಬಸ್ಸು ಪಿಟೀಲನ್ನು ಬಿಟ್ಟು ಮೃದಂಗದ ಎಡವನ್ನು ನುಂಗಿಹಾಕುತ್ತದೆ. ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಟೋಪಿ ಇಲ್ಲಿ ಎರಡು ಉಪಕಾರ ಮಾಡುತ್ತದೆ: ಒಳಗಿನ ಮಂದ್ರವನ್ನು ಹೊರಬಿಡದು, ಹೊರಗಿನ ಗುಡುಗನ್ನು ಒಳಬಿಡದು. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ ಅವರು 1978ರಲ್ಲಿ ವಿಮಾನದಲ್ಲಿ ಪ್ರಯಾಣಿಸುತ್ತಿದ್ದಾಗ, ಹೊರಗಿನ ಮೊರೆತಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹೆಡ್‌ಫೋನಿನೊಳಗೇ ಹುಟ್ಟಿಸಿ ಅದನ್ನು ಅಳಿಸುವ ಆಲೋಚನೆ ಮಾಡಿದರು. ಅದು ಮಾರಾಟದ ವಸ್ತುವಾಗಿ ವಿಮಾನ ಚಾಲಕರ ಕೈಸೇರಿದ್ದು 1989ರಲ್ಲಿ. ಈಗ ಸಾಮಾನ್ಯರಿಗೂ ದೊರೆಯುವ ಈ ವಿಧಾನ ಹೆಚ್ಚು ಫಲಕಾರಿಯಾಗುವುದು ತಗ್ಗಿನ ಗದ್ದಲದ ಮೇಲೆಯೇ. ಗದ್ದಲ ಇಳಿದಷ್ಟೂ ಸಂಗೀತವನ್ನು ಏರಿಸುವ ಅಗತ್ಯ ಇಳಿಯುತ್ತದೆ.

ಇಷ್ಟಾದರೂ ಮಂದ್ರ ಬಾರದಿದ್ದರೆ ವಿದ್ಯುತ್ತಿನ ಕಡೆ ತಿರುಗಬೇಕು. ತಂತಿಯ ಹೆಡ್‌ಫೋನ್ ಉಪಯೋಗಿಸುವವರಿಗೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಮೊದಲನೆಯದು ಬಹಳ ವಿಚಿತ್ರವಾಗಿ ತೋರುವ ಒಂದು ಕಾಯಿಲೆ. ಹೆಡ್‌ಫೋನಿನ ತುದಿಯ ಲೋಹದ ಕಡ್ಡಿಯಲ್ಲಿ ಎಡಕ್ಕೊಂದು, ಬಲಕ್ಕೊಂದು, ಇಬ್ಬರಿಗೂ ಸಮಾನವಾದದ್ದು ಇನ್ನೊಂದು ಎಂದು ಮೂರು ಸಂಪರ್ಕಗಳಿರುತ್ತವೆ. ಈ ಸಮಾನ ಸಂಪರ್ಕ ಸಡಿಲವಾದರೆ ಎಡ ಬಲಗಳ ನಡುವಣ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಎರಡರಲ್ಲಿಯೂ ಒಂದೇ ಆಗಿರುವುದು ಪರಸ್ಪರ ಕಳೆದುಹೋಗುತ್ತದೆ. ಧ್ವನಿಮುದ್ರಣದಲ್ಲಿ ಗಾಯಕನನ್ನೂ ತಗ್ಗಿನ ಸ್ವರಗಳನ್ನೂ ಸಾಮಾನ್ಯವಾಗಿ ಎರಡು ಬದಿಗೂ ಸಮನಾಗಿ ಹಂಚಿರುತ್ತಾರಾದ್ದರಿಂದ, ಹಾಡುವವರೂ ಮಂದ್ರವೂ ಒಟ್ಟಿಗೆ ಮಾಯವಾಗಿ, ಬದಿಯ ವಾದ್ಯಗಳು ಮಾತ್ರ ಬಾವಿಯ ಒಳಗಿನಿಂದ ಬಂದಂತೆ ಕೇಳುತ್ತವೆ. ಕಡ್ಡಿಯನ್ನು ಪೂರ್ತಿ ಒಳಕ್ಕೆ ಒತ್ತುವುದು, ತೂತಿನಲ್ಲಿ ಸೇರಿದ ಕಿಸೆಯ ಧೂಳನ್ನು ತೆಗೆಯುವುದು, ಬುಡದಲ್ಲಿ ಮುರಿದ ತಂತಿಯನ್ನು ಬೆಸೆಯಿಸುವುದು ಇದಕ್ಕೆ ಮದ್ದು.

ಎರಡನೆಯದು ಯಂತ್ರದೊಳಗಿನ ಸಂಗತಿ. ಹಿಂದಿನ ಅನೇಕ ಕಿಸೆಯಂತ್ರಗಳಲ್ಲಿ ಬ್ಯಾಟರಿಯ ಏಕಮುಖ ವಿದ್ಯುತ್ತು ಹೆಡ್‌ಫೋನಿಗೆ ಹರಿಯದಂತೆ ತಡೆಯಲು ಒಂದು ಕೆಪಾಸಿಟರನ್ನು, ರಿಪೇರಿಯವರು ಕಂಡೆನ್ಸರ್ ಎಂದು ಕರೆಯುವ ಬಿಡಿಭಾಗವನ್ನು, ಬಾಗಿಲಲ್ಲಿ ಕಾವಲಿಗೆ ಇಟ್ಟಿರುತ್ತಿದ್ದರು. ಚಲಿಸದ ವಿದ್ಯುತ್ತನ್ನು ತಡೆಯುವ ಈ ಕಾವಲುಗಾರ ನಿಧಾನವಾಗಿ ಚಲಿಸುವುದನ್ನೂ ಅಷ್ಟಿಷ್ಟು ತಡೆಯುತ್ತಾನೆ, ಎಂದರೆ ಮಂದ್ರವನ್ನು. ಎಷ್ಟು ತಡೆಯುತ್ತಾನೆಂಬುದು ಹೆಡ್‌ಫೋನಿನ ವಿದ್ಯುತ್ ರೋಧವನ್ನು ಅವಲಂಬಿಸಿದೆ. ಲೆಕ್ಕ ಹಾಕಿದರೆ, 100 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 16 ಓಮಿನ ಹೆಡ್‌ಫೋನ್ ಸಿಕ್ಕಿಸಿದಾಗ ಸುಮಾರು 100 ಹರ್ಟ್ಸಿನಲ್ಲಿಯೇ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಅದೇ ಯಂತ್ರಕ್ಕೆ 32 ಓಮಿನದನ್ನು ಸಿಕ್ಕಿಸಿದರೆ ಈ ಇಳಿತ 50 ಹರ್ಟ್ಸಿಗೆ ಸರಿಯುತ್ತದೆ. ಕೆಪಾಸಿಟರು 220 ಮೈಕ್ರೋಫ್ಯಾರಡಿನದಾದರೆ 23 ಹರ್ಟ್ಸಿನವರೆಗೂ ದಾರಿ ಸುಗಮ. ಹಳೆಯ ಯಂತ್ರವನ್ನು ಪ್ರೀತಿಯಿಂದ ಉಳಿಸಿಕೊಂಡವರು ಹೆಚ್ಚು ಓಮಿನ ಹೆಡ್‌ಫೋನನ್ನು ಆರಿಸಿದರೆ ಮಂದ್ರ ಸುಧಾರಿಸೀತು. ಆದರೆ ಒಟ್ಟು ಧ್ವನಿ ಕೊಂಚ ಕುಗ್ಗೀತು. ಯಂತ್ರಕ್ಕೂ ಹೆಡ್‌ಫೋನಿಗೂ ನಡುವೆ ಪ್ರತ್ಯೇಕವಾದ ಸಣ್ಣ ಆಂಪ್ಲಿಫೈಯರನ್ನು ಇಡುವವರಿಗೂ ಲಾಭವಿದೆ: ಅದರ ಪ್ರವೇಶದ್ವಾರದ ರೋಧ ಸಾವಿರಾರು ಓಮುಗಳಷ್ಟಿರುವುದರಿಂದ ಕಾವಲುಗಾರನ ಕಾಟ ಇಲ್ಲದಂತಾಗುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ಬಹಳಷ್ಟು ಈ ಕೆಪಾಸಿಟರನ್ನೇ ಬಿಟ್ಟಿವೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಆಂಪ್ಲಿಫೈಯರು ಹೆಡ್‌ಫೋನಿನ ಒಳಗೇ ಇರುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳದು. ಸೋರಿಕೆಯ ಪ್ರಶ್ನೆ ಮಾತ್ರ ಅಲ್ಲಿಯೂ ಹಾಗೆಯೇ ಉಳಿಯುತ್ತದೆ.

ಯಂತ್ರ ಸರಿ, ತಂತಿ ಸರಿ, ಸಂದೂ ಮುಚ್ಚಿದೆ ಎಂದಿಟ್ಟುಕೊಳ್ಳೋಣ. ಇನ್ನು ಉಳಿದಿರುವುದು ನಮ್ಮ ಕಿವಿ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು, ಬೇರೆ ಬೇರೆ ಸ್ವರಗಳು ಸಮಾನವಾಗಿ ಗಟ್ಟಿಯಾಗಿ ತೋರಬೇಕಾದರೆ ಒಂದೊಂದಕ್ಕೂ ಎಷ್ಟು ಬಲ ಬೇಕೆಂಬುದನ್ನು ಅಳೆದು ಪ್ರಕಟಿಸಿದರು. ಮುಂದೆ ಆ ಅಳತೆಗಳನ್ನು ಇನ್ನಷ್ಟು ತಿದ್ದಲಾಗಿದೆ, ಸಾರಾಂಶ ಬದಲಾಗಿಲ್ಲ. ನಮ್ಮ ಕಿವಿ ಮಂದ್ರದ ಬಗೆಗೆ ಮಂದ. 50 ಹರ್ಟ್ಸಿನ ಸ್ವರ ಕೇಳಿಸತೊಡಗಬೇಕಾದರೆ 1,000 ಹರ್ಟ್ಸಿನ ಸ್ವರಕ್ಕಿಂತ ಸುಮಾರು 40 ಡೆಸಿಬೆಲ್, ಎಂದರೆ ನೂರು ಪಟ್ಟು ಹೆಚ್ಚು ಒತ್ತಡ ಬೇಕು. ಧ್ವನಿ ಏರಿದಂತೆ ಈ ತಾರತಮ್ಯ ಕಡಮೆಯಾಗುತ್ತದೆ. ಆದಕಾರಣ ಸಣ್ಣ ಧ್ವನಿಯಲ್ಲಿ ಕೇಳುವಾಗ ಮಂದ್ರ ಮೊದಲು ಮರೆಯಾಗುವುದು ಸಹಜ. ಹಳೆಯ ಸ್ಟೀರಿಯೋ ಯಂತ್ರಗಳಲ್ಲಿ ಲೌಡ್‌ನೆಸ್ ಎಂಬ ಗುಂಡಿಯಿದ್ದದ್ದು ಇದನ್ನು ಸರಿದೂಗಿಸುವುದಕ್ಕಾಗಿ.

ಆದರೆ ಇದೇ ಕಿವಿಗೆ ಒಂದು ಔದಾರ್ಯವೂ ಇದೆ. ಮಾಮೂಲು ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸಿನವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 100 ಹರ್ಟ್ಸಿನ ಆಸುಪಾಸಿನದು. ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ದೂರವಾಣಿಯಲ್ಲಿ ಅಣ್ಣನ ದನಿ ಅಣ್ಣನದಾಗಿಯೇ ಕೇಳಿಸಿತು, ಹೆಂಗಸಿನ ದನಿಯಾಗಲಿಲ್ಲ. ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಅನುಸ್ವರಗಳು ಬಂದರೆ ಸಾಕು, ಅವುಗಳ ನಡುವಣ ಅಂತರದಿಂದ ಇಲ್ಲದ ಮೂಲವನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಹಾಗೆ ನೋಡಿದರೆ ಕಿಸೆಯ ಸಂಗೀತದ ಅರ್ಧ ಮಂದ್ರ ನಮ್ಮ ಮನಸ್ಸು ಒದಗಿಸಿದ್ದು.

ನಮ್ಮ ವಾದ್ಯಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ತಂಬೂರಿಯಲ್ಲಿ ಅನುಸ್ವರಗಳ ಸಂಪತ್ತು ಅಪಾರ. ಚರ್ಮವಾದ್ಯಗಳಲ್ಲಿ ಅನುಸ್ವರಗಳು ಸಾಮಾನ್ಯವಾಗಿ ಅಸ್ತವ್ಯಸ್ತ. ಆದರೆ ಮೃದಂಗ, ತಬಲಗಳ ಬಲ ಮುಚ್ಚಿಗೆಗೆ ಹಾಕಿದ ಕರಣೆಯ ಭಾರದಿಂದ ಅವು ಕ್ರಮಬದ್ಧವಾಗಿ ಹೊಂದಿಕೊಳ್ಳುತ್ತವೆಂಬುದನ್ನು ಸರ್ ಸಿ.ವಿ. ರಾಮನ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ಮತ್ತಷ್ಟು ವಿಸ್ತರಿಸಿ ಬರೆದರು. ಎಡ ಮುಚ್ಚಿಗೆಗೆ ಕಚೇರಿಗೆ ಮುನ್ನ ರವೆಯನ್ನು ಕಲಸಿ ಮೆತ್ತುವುದನ್ನು ನೀವು ನೋಡಿರಬಹುದು. ಆ ಒದ್ದೆಯ ಭಾರದಿಂದ ಚರ್ಮ ನಿಧಾನವಾಗಿ ಕಂಪಿಸಿ ಸ್ವರ ತಗ್ಗುತ್ತದೆ. ಮಂದ್ರ ಬೇಕಾದರೆ ಚರ್ಮಕ್ಕೆ ಭಾರ ಬೇಕು, ಸಡಿಲವೂ ಬೇಕು ಎಂಬ ಈ ಸೂತ್ರವನ್ನೇ ಹೆಡ್‌ಫೋನ್ ತಯಾರಕರೂ ತಮ್ಮ ಪೊರೆಗಳಲ್ಲಿ ಅನುಸರಿಸುತ್ತಾರೆ.

ಇನ್ನು ಕೊನೆಯ ಉಪಾಯ: ಈಕ್ವಲೈಸರ್. ಸ್ವರಗಳ ಬೇರೆ ಬೇರೆ ಹಂತಗಳನ್ನು ಬೇರೆ ಬೇರೆಯಾಗಿ ಏರಿಸುವ, ಇಳಿಸುವ ಸಾಧನವಿದು. 1980ರ ದಶಕದಲ್ಲಿಯೇ ಕಿಸೆಯಂತ್ರಗಳ ಮೇಲೆ ಮೆಗಾ ಬೇಸ್ ಮುಂತಾದ ಹೆಸರಿನ ಗುಂಡಿಗಳು ಕಾಣಿಸಿಕೊಂಡವು. ಇಂದಿನ ಫೋನುಗಳಲ್ಲಿ ಇದು ಗಾಜಿನ ಮೇಲೆ ಬೆರಳಾಡಿಸುವಷ್ಟು ಸುಲಭ. ಸುಲಭವಾದದ್ದರಿಂದಲೇ ದುರುಪಯೋಗವೂ ಹೆಚ್ಚು. ಮಂದ್ರವನ್ನು 6 ಡೆಸಿಬೆಲ್ ಏರಿಸಿದರೆ ಯಂತ್ರ ಅಲ್ಲಿ ನಾಲ್ಕು ಪಟ್ಟು ಶಕ್ತಿಯನ್ನು ಒದಗಿಸಬೇಕು. 10 ಡೆಸಿಬೆಲ್ ಏರಿಸಿದರೆ ಹತ್ತು ಪಟ್ಟು. ಪುಟ್ಟ ಬ್ಯಾಟರಿಯ ಯಂತ್ರಕ್ಕೆ ಇದು ನಿಲುಕದು. ಇಂದಿನ ಧ್ವನಿಮುದ್ರಣಗಳಾದರೋ ಅಂಕಿಗಳ ಗರಿಷ್ಠ ಮಿತಿಯವರೆಗೂ ತುಂಬಿ ಬಂದಿರುತ್ತವೆ; ಅದರ ಮೇಲೆ ಇನ್ನೂ ಸುರಿದರೆ ಅಲೆಗಳ ನೆತ್ತಿ ಕತ್ತರಿಸಿಹೋಗಿ, ಮಂದ್ರದ ಬದಲು ಒರಟಾದ ಗರಗರ ಶಬ್ದ ಬರುತ್ತದೆ.

ಇದಕ್ಕೆ ಒಂದು ವಿವೇಕದ ದಾರಿಯಿದೆ. ಮಂದ್ರವನ್ನು ಏರಿಸುವ ಬದಲು ಉಳಿದವನ್ನು ಇಳಿಸುವುದು. ಮಧ್ಯವನ್ನೂ ತಾರವನ್ನೂ ನಾಲ್ಕೈದು ಡೆಸಿಬೆಲ್ ತಗ್ಗಿಸಿ, ಒಟ್ಟು ಧ್ವನಿಯನ್ನು ಅಗತ್ಯವಿದ್ದಷ್ಟು ಸರಿಪಡಿಸಿಕೊಂಡರೆ ಸಂಗೀತದ ಪ್ರಮಾಣಗಳು ಬಯಸಿದಂತೆ ಹೊಂದುತ್ತವೆ, ಅಲೆಗಳ ನೆತ್ತಿಗೂ ಪೆಟ್ಟು ಬೀಳದು. ಏರಿಸಲೇಬೇಕೆಂದಾದರೆ ಪ್ರೀಆಂಪ್ ಎಂದು ಬರೆದಿರುವ ಪಟ್ಟಿಯನ್ನು ಅಷ್ಟೇ ಪ್ರಮಾಣದಲ್ಲಿ ಕೆಳಕ್ಕೆ ಎಳೆಯಬೇಕು. ಒಂದೇ ಸಲ ಹತ್ತು ಡೆಸಿಬೆಲ್ ಎಳೆಯದೆ ಎರಡೆರಡಾಗಿ ಏರಿಸಿ, ಪರಿಚಿತವಾದ ಒಂದೇ ಕೃತಿಯನ್ನು ಕೇಳುತ್ತ, ಸಾಕೆನಿಸಿದಲ್ಲಿ ನಿಲ್ಲಬೇಕು. ಏಕೆಂದರೆ ಬಲವಾದ ಮಂದ್ರ ತನಗಿಂತ ಮೇಲಿನ ಸ್ವರಗಳನ್ನು ಮಸುಕುಗೊಳಿಸುತ್ತದೆ. ಕಿವಿಯ ಒಳಗಣ ಶಂಖದಂಥ ಸುರುಳಿಯಲ್ಲಿ ತಗ್ಗಿನ ಅಲೆ ತನ್ನ ಜಾಗವನ್ನು ಮುಟ್ಟಲು ಮೇಲಿನ ಸ್ವರಗಳ ಜಾಗವನ್ನೆಲ್ಲ ಹಾದುಹೋಗಬೇಕು. ಮಂದ್ರ ಮಿತಿಮೀರಿದರೆ ಸಾಹಿತ್ಯದ ಅಕ್ಷರಗಳು ಕದಡುತ್ತವೆ. ನೆಲ ಭದ್ರವಾಗಿರಲಿ ಎಂದು ಹೊರಟವರು ಮನೆಯನ್ನೇ ಮಣ್ಣಿನಲ್ಲಿ ಹೂಳಬಾರದಷ್ಟೆ.

ಇಲ್ಲಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಕಚೇರಿಯ ಸಭಾಂಗಣದಲ್ಲಿ, ಜಾತ್ರೆಯ ನಗಾರಿಯ ಮುಂದೆ, ನಾವು ಮಂದ್ರವನ್ನು ಕಿವಿಯಿಂದ ಮಾತ್ರ ಕೇಳುವುದಿಲ್ಲ. ಎದೆಗೂಡು, ಪಾದ, ಕುಳಿತ ನೆಲ ಎಲ್ಲವೂ ಅದನ್ನು ಕೇಳುತ್ತವೆ. ಹೆಡ್‌ಫೋನ್ ಎಷ್ಟೇ ಉತ್ತಮವಾಗಿದ್ದರೂ ಎದೆಯನ್ನು ಮುಟ್ಟಲಾರದು. ಈ ಕೊರತೆಯನ್ನು ಧ್ವನಿ ಏರಿಸಿ ತುಂಬುತ್ತೇನೆಂದು ಹೊರಟವರು, ದೇಹ ಪಡೆಯಬೇಕಾದದ್ದನ್ನೆಲ್ಲ ಕಿವಿಯ ತಲೆಗೆ ಕಟ್ಟುತ್ತಾರೆ. ಅಪಾಯವಿರುವುದು ಇಲ್ಲಿ. ಸೋರುವ ಹೆಡ್‌ಫೋನಿನಲ್ಲಿ ಮಂದ್ರಕ್ಕಾಗಿ ಗುಂಡಿ ತಿರುಗಿಸಿದಾಗ ಮಂದ್ರವೊಂದೇ ಏರುವುದಿಲ್ಲ. ಸೋರದೆ ಉಳಿದ ಮಧ್ಯವೂ ತಾರವೂ ಅಷ್ಟೇ ಏರುತ್ತವೆ. ಅತಿಧ್ವನಿಯಿಂದ ಕಿವಿ ಮೊದಲು ಸವೆಯುವುದು ಸಾಮಾನ್ಯವಾಗಿ 4,000 ಹರ್ಟ್ಸಿನ ಸುತ್ತಮುತ್ತ. ಮಂದ್ರವನ್ನು ಹುಡುಕಿ ಹೊರಟವನು ಕಳೆದುಕೊಳ್ಳುವುದು ತಾರವನ್ನು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ ಕಿಸೆಯ ಸಂಗೀತಯಂತ್ರಗಳಿಗೆ ಒಂದು ಮಿತಿಯನ್ನು ಸೂಚಿಸಿದವು. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅಷ್ಟೇ ಹೊತ್ತು, 75 ಡೆಸಿಬೆಲ್. ಧ್ವನಿ 3 ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧಕ್ಕೆ ಇಳಿಯಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರಿಯ 5. ಅಸುರಕ್ಷಿತವಾದ ಆಲಿಕೆಯಿಂದ ಶ್ರವಣಶಕ್ತಿಗೆ ಸಂಚಕಾರ ಒದಗಬಹುದಾದ ತರುಣ ತರುಣಿಯರ ಸಂಖ್ಯೆ ಜಗತ್ತಿನಲ್ಲಿ ನೂರು ಕೋಟಿಗಿಂತ ಹೆಚ್ಚೆಂದು ಆ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ಒಂದೊಂದು ಕಿವಿಯೊಳಗೂ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಹುಟ್ಟುವಾಗ ಸುಮಾರು 15,000 ಇರುತ್ತವೆ. ಚರ್ಮ ಗಾಯವಾದರೆ ಮತ್ತೆ ಬೆಳೆಯುತ್ತದೆ, ಮುರಿದ ಮೂಳೆ ಕೂಡಿಕೊಳ್ಳುತ್ತದೆ; ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟದು. ಒಳ್ಳೆಯ ಹೆಡ್‌ಫೋನನ್ನು ಅಂಗಡಿಯಲ್ಲಿ ಕೊಳ್ಳಬಹುದು. ಅದನ್ನು ಕೇಳುವ ಕಿವಿಯನ್ನು ಎಲ್ಲಿಂದ ಕೊಂಡುತರುವುದು?

ಹೀಗಾಗಿ ಉಪಾಯಗಳ ಅನುಕ್ರಮವನ್ನು ನೆನಪಿನಲ್ಲಿಡುವುದು ಲೇಸು. ಮೊದಲು ಬೆರಳಿನಿಂದ ಒತ್ತಿ ಪರೀಕ್ಷಿಸಿ, ಸಂದನ್ನು ಮುಚ್ಚಬೇಕು. ಆಮೇಲೆ ಕಡ್ಡಿಯನ್ನೂ ತಂತಿಯನ್ನೂ ನೋಡಬೇಕು. ಯಂತ್ರಕ್ಕೂ ಹೆಡ್‌ಫೋನಿಗೂ ಹೊಂದಾಣಿಕೆಯಿದೆಯೇ ಎಂದು ವಿಚಾರಿಸಬೇಕು. ಇವೆಲ್ಲ ಆದ ಮೇಲೆ ಈಕ್ವಲೈಸರಿನ ಬಳಿಗೆ ಹೋಗಬೇಕು; ಹೋದಾಗಲೂ ಏರಿಸುವ ಕೈಗಿಂತ ಇಳಿಸುವ ಕೈ ಮುಂದಾಗಿರಬೇಕು. ಧ್ವನಿಯ ಗುಂಡಿಯ ಸರದಿ ಎಲ್ಲಕ್ಕಿಂತ ಕಡೆಗೆ. ಈ ಕ್ರಮದಲ್ಲಿ ನಡೆದವರಲ್ಲಿ ಹಲವರಿಗೆ ಆ ಗುಂಡಿಯನ್ನು ಮುಂಚಿಗಿಂತ ಕೆಳಗೇ ಇಡುವಂತಾದರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಮಂದ್ರವು ಸಂಗೀತದಲ್ಲಿ ಎದ್ದು ಕಾಣಬೇಕೆಂದು ಹಂಬಲಿಸುವ ಅಂಗವಲ್ಲ. ತಂಬೂರಿಯನ್ನು ಮೀಟುವವರು ವೇದಿಕೆಯ ಹಿಂದುಗಡೆ ಕುಳಿತಿರುತ್ತಾರೆ. ಅವರು ಇರುವಷ್ಟು ಹೊತ್ತು ಯಾರೂ ಅವರ ಕಡೆ ನೋಡುವುದಿಲ್ಲ, ಕೈ ನಿಲ್ಲಿಸಿದರೆ ಸಭೆಯೆಲ್ಲ ತಿರುಗಿ ನೋಡುತ್ತದೆ. ಅಂಥ ನಾದವನ್ನು ಅಬ್ಬರದಿಂದ ಕರೆತರಬೇಕಾಗಿಲ್ಲ. ಅದು ಒಳಗೆ ಬರುವಾಗ ಸೋರಿಹೋಗದಂತೆ ಬಾಗಿಲನ್ನು ಸರಿಯಾಗಿ ಹಾಕಿಕೊಂಡರೆ ಸಾಕು.